ನಮ್ಮ ನಾಯಿ ನೇಮ ಹಿಡಿದದ್ದು

ನಾನು ಜಗಳಗಂಟಿ. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಹೇಳಿದರೆ ಅದಕ್ಕೂ ಒಂದು ಜಗಳ ತೆಗೆಯಬೇಕಾಗುತ್ತದೆ. ತೆಲಂಗಾಣದ ಗಡಿಯ ನ್ಯಾಲ್ಕಲ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನಾನು ಕಚೇರಿಯಲ್ಲಿ ತೆಲುಗಿನಲ್ಲಿ ಜಗಳವಾಡುತ್ತೇನೆ, ಜಹೀರಾಬಾದಿನ ಬಜಾರಿನಲ್ಲಿ ಉರ್ದುವಿನಲ್ಲಿ ಆಡುತ್ತೇನೆ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡದಲ್ಲಿ ಮುಂದುವರಿಸುತ್ತೇನೆ. ಹುಟ್ಟಿನಿಂದಲೇ ಹೀಗೆ ಎಂದುಕೊಳ್ಳಬೇಡಿ. ನಾರಾಯಣಖೇಡದ ನನ್ನ ತವರಿನಲ್ಲಿ ಬೇಕಾದರೆ ವಿಚಾರಿಸಿ. ನನ್ನ ತಟ್ಟೆಯ ಹೋಳಿಗೆಯನ್ನು ತಂಗಿ ಎತ್ತಿಕೊಂಡು ಹೋದರೆ ತುಪ್ಪದ ಬಟ್ಟಲನ್ನೂ ಅವಳ ಕಡೆಗೆ ಸರಿಸುತ್ತಿದ್ದ ಹುಡುಗಿ ನಾನು. ನನ್ನ ಬಾಯಿ ಬಿಚ್ಚಿಸಿದ್ದು ನನ್ನ ಮಗಳು ಗೌರಿ. ತಮಾಷೆಯೆಂದರೆ ಗೌರಿ ಮಾತನಾಡುವುದೇ ಅಪರೂಪ. ಅವಳಿಗೆ ಒಂಬತ್ತು ವರ್ಷ, ಆಟಿಸಂ ಇದೆ, ಬಾಯಲ್ಲಿ ಹತ್ತು ಹನ್ನೆರಡು ಪದಗಳಿವೆ. ಅವಳ ಪಾಲಿನ ಮಾತನ್ನೂ ನಾನೇ ಆಡಬೇಕಾಗಿ ಬಂದು, ಆಡುತ್ತಾ ಆಡುತ್ತಾ ಅದು ಜಗಳದ ಧಾಟಿಗೆ ತಿರುಗಿತು.

ಗೌರಿ ಓಡುತ್ತಾಳೆ. ಮಕ್ಕಳೆಲ್ಲ ಓಡುತ್ತಾರೆ ಎಂದು ಹೇಳುವವರ ಜೊತೆ ನಾನು ಬಹಳ ಸಲ ಜಗಳವಾಡಿದ್ದೇನೆ. ಗೌರಿಯ ಓಟ ಬೇರೆ. ಅವಳಿಗೆ ತಿರುಗುವ ವಸ್ತುಗಳೆಂದರೆ ಪ್ರಾಣ. ಫ್ಯಾನು, ಹಿಟ್ಟಿನ ಗಿರಣಿಯ ಬೆಲ್ಟು, ಎಲ್ಲಕ್ಕಿಂತ ಹೆಚ್ಚಾಗಿ ಲಾರಿಯ ಗಾಲಿ. ನಮ್ಮ ಓಣಿ ಮುಗಿಯುವುದೇ ಮುಂಬೈಗೂ ಹೈದರಾಬಾದಿಗೂ ಲಾರಿ ಓಡಾಡುವ ದೊಡ್ಡ ರಸ್ತೆಯಲ್ಲಿ. ಆ ರಸ್ತೆ ದಾಟಿದರೆ ಅವಳ ಶಾಲೆ. ಎರಡು ಸಲ ಅವಳು ಕೈ ಜಾರಿಸಿಕೊಂಡು ಹೋಗಿ ಗಾಲಿಯ ಮುಂದೆ ನಿಂತಿದ್ದಳು. ಎರಡು ಸಲವೂ ಯಾರೋ ಪುಣ್ಯಾತ್ಮರು ಬ್ರೇಕು ಹಾಕಿದರು. ಅಂದಿನಿಂದ ನಾನು ಅವಳ ಮಣಿಕಟ್ಟು ಹಿಡಿದೇ ನಡೆಯುತ್ತಿದ್ದೆ. ಶಾಲೆಯಲ್ಲಿ ಆಯಾ ತನ್ನ ಹಳೆಯ ಓಢಣಿಯಿಂದ ಅವಳನ್ನು ಬೆಂಚಿಗೆ ಕಟ್ಟುತ್ತಿದ್ದಳು. ಆಯಾ ಕೆಟ್ಟವಳಲ್ಲ, ನಲವತ್ತು ಮಕ್ಕಳನ್ನು ನೋಡುವ ಒಬ್ಬಳೇ ಹೆಂಗಸು ಮತ್ತೇನು ಮಾಡಿಯಾಳು? ಆದರೆ ಒಂದು ಸಂಜೆ ಸ್ನಾನ ಮಾಡಿಸುವಾಗ ಮಗಳ ನಡುವಿನ ಸುತ್ತ ಗಂಟಿನ ಕೆಂಪು ಗೆರೆ ಕಂಡಿತು. ನಾನು ಬಚ್ಚಲಲ್ಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ, ಇನ್ನು ಈ ಹುಡುಗಿಯನ್ನು ಯಾರೂ ಕಟ್ಟಿಹಾಕಬಾರದು ಎಂದು ನಿರ್ಧಾರ ಮಾಡಿದೆ.

ಮಕ್ಕಳ ಡಾಕ್ಟರು ಹೇಳಿದ್ದರು, ಇಂಥ ಮಕ್ಕಳಿಗೆಂದು ನಾಯಿಗಳನ್ನು ತಯಾರು ಮಾಡುವವರಿದ್ದಾರೆ ಎಂದು. ಮಗುವಿನ ಸೊಂಟದ ಪಟ್ಟಿಗೂ ನಾಯಿಯ ಮೈಮೇಲಿನ ಪಟ್ಟಿಗೂ ಒಂದು ದಾರ. ನಾಯಿಯ ಹಗ್ಗ ದೊಡ್ಡವರ ಕೈಯಲ್ಲಿ. ಮಗು ಓಡಲು ಹೊರಟರೆ ನಾಯಿ ಇದ್ದಲ್ಲೇ ಕುಳಿತುಬಿಡುತ್ತದೆ, ಅಷ್ಟೇ. ವಿಚಾರಿಸುತ್ತಾ ಹೋದಾಗ ಹೈದರಾಬಾದಿನಲ್ಲಿ ಸುಧಾಕರ್ ಸಾರು ಎಂಬವರು ಸಿಕ್ಕರು; ಸರ್ ಎನ್ನುವುದಕ್ಕೆ ನಮ್ಮ ಕಡೆ ಸಾರು ಎನ್ನುತ್ತೇವೆ. ಪೊಲೀಸು ನಾಯಿಗಳ ದಳದಲ್ಲಿದ್ದು ನಿವೃತ್ತರಾದವರು, ನಾಯಿಗಳ ಜೊತೆ ಮೆತ್ತಗೆ, ಮನುಷ್ಯರ ಜೊತೆ ಬಿರುಸಾಗಿ ಮಾತನಾಡುವವರು. ಒಂದೂವರೆ ವರ್ಷ ಸರದಿಯಲ್ಲಿ ಕಾದ ಮೇಲೆ ನಮ್ಮ ಪಾಲಿಗೆ ಟಾಫಿ ಬಂದಳು. ಕಂದು ಬಣ್ಣದ ಲ್ಯಾಬ್ರಡಾರ್ ಹೆಣ್ಣು. ಸುಧಾಕರ್ ಸಾರು ಷರತ್ತು ಹಾಕಿದರು: ಪಟ್ಟಿ ತೊಟ್ಟಿರುವಾಗ ಅವಳನ್ನು ಯಾರೂ ಮುದ್ದಿಸಬಾರದು, ಹೊರಗಿನವರು ಯಾರೂ ಒಂದು ತುಣುಕನ್ನೂ ತಿನ್ನಿಸಬಾರದು. ಮೂರು ತಿಂಗಳಾದ ಮೇಲೆ ತಾವೇ ಬರುತ್ತಾರೆ. ಯಾರೂ ಕೈ ಹಿಡಿಯದೆ ಗೌರಿ ಮನೆಯಿಂದ ಶಾಲೆಗೆ ನಡೆದು ತೋರಿಸಬೇಕು. ನಾಯಿ ಕೆಟ್ಟಿದ್ದರೆ ವಾಪಸು ಕರೆದುಕೊಂಡು ಹೋಗುತ್ತಾರೆ. ಸರದಿಯಲ್ಲಿ ಇನ್ನೊಂದು ಮಗು ಕಾಯುತ್ತಿದೆ. ನಾಯಿಯ ಹಗ್ಗ ಯಾರು ಹಿಡಿಯಬೇಕು ಎಂಬ ಪ್ರಶ್ನೆ ಬಂದಾಗ ನಾನು ಮುಂದೆ ಹೋದೆ. ಅವರು ನನ್ನ ದನಿ ಎರಡು ನಿಮಿಷ ಕೇಳಿ, ಹಗ್ಗವನ್ನು ನನ್ನ ಗಂಡನ ಕೈಗೆ ಕೊಟ್ಟರು. ನಮ್ಮ ಯಜಮಾನರು ಔಷಧ ಅಂಗಡಿ ಇಟ್ಟುಕೊಂಡಿದ್ದಾರೆ. ಕೆಮ್ಮುವವರಿಗೂ ಪಿಸುಮಾತಿನಲ್ಲೇ ಔಷಧ ಕೊಡುವ ಜಾತಿ. ನಾಯಿ ಕೂಡಲೇ ಅವರ ಕಾಲ ಬಳಿ ಮಲಗಿತು.

ನಾಯಿಯನ್ನು ತರುವುದು ಸುಲಭ, ಹೊಸ್ತಿಲು ದಾಟಿಸುವುದು ಕಷ್ಟ. ನಮ್ಮತ್ತೆ ಎಪ್ಪತ್ತೆರಡರ ಹೆಂಗಸು, ದಿನಾ ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟುವವರಲ್ಲ. ಬಾಗಿಲಿಗೆ ಅಡ್ಡ ನಿಂತು, "ನನ್ ಪೂಜಾದ ಮನ್ಯಾಗ ನಾಯಿ ಬ್ಯಾಡ. ಅಂಗಳದಾಗ ಕಟ್ಟು, ಇಲ್ಲಾಂದ್ರ ನನಗ ತಾಂಡೂರಿಗೆ ಮಗಳ ಮನೀಗಿ ಕಳಿಸು," ಎಂದರು. ತಾಂಡೂರಿನ ನಾದಿನಿ ಆಗಲೇ ಫೋನಿನಲ್ಲಿದ್ದಳು: "ಮಂದಿ ಮಕ್ಕಳಿಗಿ ಡಾಕ್ಟರ್ ಕಡಿ ಒಯ್ತಾರ, ನಮ್ ವೈನಿ ನಾಯಿ ತಂದಾಳ ನೋಡು!" ಬೇರೆ ಸೊಸೆಯಾದರೆ ಅತ್ತುಬಿಡುತ್ತಿದ್ದಳು. ನಾನು ಮಾತ್ರ ಅತ್ತೆಯ ಮೇಲೆ ಅತ್ತೆಯ ದೇವರನ್ನೇ ಎಬ್ಬಿಸಿದೆ. ನಮ್ಮ ಮನೆದೇವರು ಮೈಲಾರ ಮಲ್ಲಣ್ಣ. ಮಲ್ಲಣ್ಣನಿಗೆ ನಾಯಿಯೆಂದರೆ ಜೀವ. ಚಟ್ಟಿಯ, ಅಂದರೆ ಷಷ್ಠಿಯ, ಹಬ್ಬದಂದು ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ ಮಾಡಿ, ಮನೆಯವರು ಬಾಯಿಗಿಡುವ ಮೊದಲು ಒಂದು ನಾಯಿಗೆ ಉಣಿಸಲೇಬೇಕು. ಓಣಿಯ ಎಲ್ಲ ಮನೆಗಳಲ್ಲೂ ಅದೇ ಹಬ್ಬ, ಓಣಿಗೆ ಇರುವುದು ಐದೇ ನಾಯಿ. ಹತ್ತು ಗಂಟೆಯೊಳಗೆ ಅವುಗಳ ಹೊಟ್ಟೆ ಬಿರಿದು, ರೊಟ್ಟಿ ಕಂಡರೆ ಓಡಿಹೋಗುತ್ತವೆ. ಒಂದು ವರ್ಷ ನಮ್ಮತ್ತೆ ತಟ್ಟೆ ಹಿಡಿದು ಒಂದು ಕರಿ ನಾಯಿಯ ಹಿಂದೆ ಬಸ್ ಸ್ಟ್ಯಾಂಡಿನ ತನಕ ಹೋಗಿ, "ಬಾರೋ ನಮ್ಮಪ್ಪ, ಒಂದು ತುತ್ತರ ತಿನ್ನೋ," ಎಂದು ಕೈಮುಗಿದಿದ್ದರು. ಅದನ್ನು ನೆನಪಿಸಿದೆ. "ಅತ್ತೀ, ಅವತ್ತು ಮಲ್ಲಣ್ಣನ ನಾಯಿಗಿ ಬಾ ಬಾ ಅಂತ ಬಸ್ ಸ್ಟ್ಯಾಂಡ್ ತನಕ ಬೆನ್ನ್ ಹತ್ತಿ ಹೋಗಿದ್ರಿ. ಇವತ್ತು ತಾನಾಗೇ ಮನೀ ಬಾಗಿಲಿಗಿ ಬಂದದ. ಹೊರಗ ದಬ್ತೀರೇನ್ರಿ?" ಅತ್ತೆ ಬಹಳ ಹೊತ್ತು ಟಾಫಿಯನ್ನೇ ನೋಡಿದರು. ಟಾಫಿಯೂ ನೋಡಿದಳು. ಕೊನೆಗೆ ಅತ್ತೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿಣ, ತಂದು ಅವಳ ಹಣೆಗೆ ಹಚ್ಚಿ ದಾರಿ ಬಿಟ್ಟರು. ಗೆದ್ದೆ ಎಂದು ನಾನು ಬೀಗಿದೆ.

ಆಮೇಲೆ ಗೆಲುವಿನ ಮೇಲೆ ಗೆಲುವು. ಶಾಲೆಯ ದೊಡ್ಡ ಮೇಡಂ ನಾಯಿಯನ್ನು ಒಳಗೆ ಬಿಡುವುದಿಲ್ಲ ಎಂದರು. ನಾನು ಎದುರಿನ ಕುರ್ಚಿಯಲ್ಲಿ ಕುಳಿತು, "ಆಗಲಿ, ಬಿಡುವುದಿಲ್ಲ ಅಂತ ಕಾಗದದ ಮೇಲೆ ಬರೆದು, ಮೊಹರು ಹಾಕಿ, ತಾರೀಕು ಹಾಕಿ ಕೊಡಿ," ಎಂದೆ. ಇಪ್ಪತ್ತು ವರ್ಷ ಕಡತಗಳ ನಡುವೆ ಬದುಕಿದವಳು ನಾನು. ಬಾಯಲ್ಲಿ ಇಲ್ಲ ಎನ್ನುವವರೆಲ್ಲ ಕಾಗದದ ಮೇಲೆ ಆಗಲಿ ಎನ್ನುತ್ತಾರೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಮೂರು ತಿಂಗಳು ನೋಡೋಣ, ಸಾರು ಬಂದು ಸರಿ ಎಂದರೆ ಮುಂದುವರಿಸೋಣ ಎಂದರು. ಟಾಫಿ ಗೌರಿಯ ಬೆಂಚಿನ ಕೆಳಗೆ ಮಲಗುವುದೆಂದಾಯಿತು, ಹಗ್ಗ ಹಿಡಿಯುವುದನ್ನು ಯಜಮಾನರು ಆಯಾಳಿಗೂ ಕಲಿಸಿದರು. ಓಢಣಿ ಆಯಾಳ ಹೆಗಲಿಗೆ ವಾಪಸು ಹೋಯಿತು.

ಬಸ್ಸಿನಲ್ಲೂ ಹೀಗೆಯೇ. ರೂಢಿಯಾಗಲಿ ಎಂದು ನಾವೆಲ್ಲ ನಾರಾಯಣಖೇಡಕ್ಕೆ ನನ್ನ ತವರಿಗೆ ಹೊರಟಿದ್ದೆವು. ಕಂಡಕ್ಟರಮ್ಮ ಟಾಫಿಯನ್ನು ನೋಡಿ, ಇದಕ್ಕೆ ಟಿಕೆಟ್ ಯಾರು ತೆಗೆಸುತ್ತಾರೆ ಎಂದು ತೆಲುಗಿನಲ್ಲಿ ಗದರಿದಳು. ನಮ್ಮ ತೆಲಂಗಾಣದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಸೊನ್ನೆ ಬರೆದ ಟಿಕೆಟ್ ಹರಿದು ಕೊಡುತ್ತಾರೆ. "ಇದಿ ಕೂಡಾ ಆಡದೇನಮ್ಮಾ," ಇದೂ ಹೆಣ್ಣೇ ತಾಯಿ, ಸೊನ್ನೆ ಟಿಕೆಟ್ ಕೊಡು ಎಂದೆ. ಅವಳೂ ಕಮ್ಮಿಯವಳಲ್ಲ. "ಆಧಾರ್ ಕಾರ್ಡ್ ಚೂಪಿಂಚು," ತೋರಿಸು ಎಂದಳು. ನಾನು ಚೀಲದಿಂದ ಟಾಫಿಯ ಫೋಟೊ ಅಂಟಿಸಿದ ತರಬೇತಿಯ ಚೀಟಿ ತೆಗೆದು ಕೊಟ್ಟೆ. ಮನೂರಿನ ಕಡೆಗೆ ಹೊರಟಿದ್ದ ಒಬ್ಬ ಮುದುಕ ಅದನ್ನು ಇಸಿದುಕೊಂಡು ನೋಡಿ, "ನನ್ ಕಾರ್ಡಿನ್ಯಾಗಿನ ಫೋಟೊಕಿಂತ ಇದು ಛೊಲೊ ಬಂದದ, ಕುಂದರಸ್ರಿ ಅತ್ಲಾಗ," ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರಮ್ಮ ಸಾಮಾನಿನ ಟಿಕೆಟ್ ಹರಿದಳು, ನಾನು ನಾಯಿ ಸಾಮಾನಲ್ಲ ಎಂದು ಊರು ಬರುವ ತನಕ ವಾದಿಸಿದೆ. ಗೌರಿ ಮಾತ್ರ ಕಿಟಕಿಯಿಂದ ಎದುರು ಬರುವ ಗಾಲಿಗಳನ್ನು ನೋಡುತ್ತಾ, ಒಂದು ಕೈ ಟಾಫಿಯ ಕಿವಿಯ ಮೇಲಿಟ್ಟು, ಒಂದು ಸಲವೂ ಕಿರುಚದೆ ಅಷ್ಟು ದೂರ ಬಂದಳು. ಅಂಥದ್ದು ಅದೇ ಮೊದಲು.

ಇಷ್ಟೆಲ್ಲ ಗೆದ್ದವಳಿಗೆ ಸೋಲು ಎಲ್ಲಿಂದ ಬಂತು ನೋಡಿ. ಟಾಫಿ ಮಲ್ಲಣ್ಣನ ನಾಯಿ ಎಂದು ನಾನು ಹೇಳಿದ್ದು ಅತ್ತೆಯ ಬಾಯಿ ಮುಚ್ಚಿಸಲು. ಆದರೆ ಅತ್ತೆಯ ಬಾಯಿ ಮುಚ್ಚುವುದುಂಟೇ? ಅವರು ಅದನ್ನು ಓಣಿಗೆಲ್ಲ ಹೇಳಿದರು. ಮಲ್ಲಣ್ಣನ ವಾರ ಭಾನುವಾರ. ಮೊದಲ ಭಾನುವಾರ ಮೂವರು ಹೆಂಗಸರು ರೊಟ್ಟಿ ತಂದರು. ನಾಲ್ಕನೆಯದಕ್ಕೆ ನಮ್ಮ ಅಂಗಳದಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಮೊಗುಡಂಪಲ್ಲಿಯಿಂದ ಒಬ್ಬಾಕೆ ಸೊಸೆಗೆ ಮಕ್ಕಳಾಗಲಿ ಎಂದು ಹರಕೆ ಹೊತ್ತು, ಆಟೊ ಮಾಡಿಕೊಂಡು ಬಂದು, ತುಪ್ಪ ಸುರಿದ ಸಿಹಿ ಮಾದಲಿ ತಿನ್ನಿಸಿ ಹೋದಳು. ಇಷ್ಟಾಗಿದ್ದರೆ ಸಹಿಸಬಹುದಿತ್ತು, ಶಾಲೆಯ ದಾರಿಯಲ್ಲೂ ಅದೇ ಶುರುವಾಯಿತು. ಹೂವಿನ ಅಂಗಡಿಯಾಕೆ ಬಾಳೆಹಣ್ಣು ಕೊಡುತ್ತಾಳೆ, ಬಜ್ಜಿಯ ಬಂಡಿಯವನು ಬಜ್ಜಿ ಕೊಡುತ್ತಾನೆ. ಮಲ್ಲಣ್ಣನಿಗೂ ತನಗೂ ಸಂಬಂಧವೇ ಇಲ್ಲದ ಚಹಾ ಹೋಟೆಲಿನ ರಹೀಮ್ ಚಾಚಾ ಕೂಡ, "ಅಪ್ನೀ ಬಚ್ಚೀ ಕಾ ಕುತ್ತಾ ಹೈ," ನಮ್ಮ ಮಗುವಿನ ನಾಯಿಯಲ್ಲವೇ ಎಂದು ದಿನಾ ಎರಡು ಬಿಸ್ಕತ್ತು ಹಾಕುತ್ತಾರೆ. ಎರಡು ತಿಂಗಳು ಮುಗಿಯುವಷ್ಟರಲ್ಲಿ ಟಾಫಿಯ ಪಟ್ಟಿಯನ್ನು ಎರಡು ತೂತು ಸಡಿಲಿಸಬೇಕಾಯಿತು. ಒಂದು ಬೆಳಿಗ್ಗೆ, ದೊಡ್ಡ ರಸ್ತೆ ದಾಟುವ ನಡುವೆ, ಆಚೆ ಬದಿಯ ಬಜ್ಜಿಯವನು "ಮಲ್ಲಣ್ಣಾ" ಎಂದು ಕರೆದ. ಟಾಫಿ ಆ ಕಡೆಗೆ ತಿರುಗಿ ಎಳೆದಳು, ದಾರದ ತುದಿಯಲ್ಲಿದ್ದ ಗೌರಿ ಮುಗ್ಗರಿಸಿದಳು. ಯಜಮಾನರು ಇಬ್ಬರನ್ನೂ ಎತ್ತಿಕೊಂಡಂತೆ ಎಳೆದು ದಾಟಿಸಿದರು. ಮನೆಗೆ ಬಂದು, ಪಿಸುಮಾತಿನವರು, ಮೊದಲ ಸಲ ಗಟ್ಟಿಯಾಗಿ ಹೇಳಿದರು: "ಸಾರು ಬಂದ್ರ ಒಯ್ತಾರ. ಒಯ್ಯೋದೇ ಬರೋಬರ್ ಅದ."

ನಾನು ಜಗಳಕ್ಕೆ ಹೊರಟೆ. ಬೇರೆ ವಿದ್ಯೆ ನನಗೆ ಗೊತ್ತಿಲ್ಲವಲ್ಲ. ಓಣಿಯ ಮನೆಮನೆಗೆ ಹೋಗಿ ಮೂರೂ ಭಾಷೆಯಲ್ಲಿ ಕೂಗಾಡಿದೆ. ಆಗ ಒಂದು ವಿಷಯ ಗೊತ್ತಾಯಿತು. ಕೊಡುವುದಿಲ್ಲ ಎನ್ನುವವರ ಜೊತೆ ಜಗಳವಾಡಬಹುದು. ತಗೋ ಎಂದು ಮುಂದೆ ಹಿಡಿಯುವವರ ಜೊತೆ ಹೇಗೆ ಆಡುವುದು? ಹೂವಿನವಳು ನನ್ನ ಕೂಗು ಕೇಳಿ, "ಅಯ್ಯ, ಪಾಪ, ಕೂಸಿನ ಚಿಂತ್ಯಾಗ ತಲಿ ಬಿಸಿ ಆಗ್ಯಾದ," ಎಂದು ನನ್ನ ಮುಡಿಗೊಂದು ಮೊಳ ಮಲ್ಲಿಗೆ ಮುಡಿಸಿದಳು. ರಹೀಮ್ ಚಾಚಾ ಪೂರ್ತಿ ಕೇಳಿಸಿಕೊಂಡು, "ಬೇಟೀ, ಆಪ್ ಭೀ ತೋ ರೋಜ್ ಶಾಮ್ ಕೋ ಬನ್ ಲೇ ಜಾತೇ, ಇಸೀ ಕೇ ವಾಸ್ತೇ," ಎಂದರು. ಅದು ಸುಳ್ಳಲ್ಲ. ಕಚೇರಿಯಿಂದ ಬರುವಾಗ ನಾನೂ ದಿನಾ ಒಂದು ಬನ್ನು ಒಯ್ದು ಟಾಫಿಗೆ ಹಾಕುತ್ತಿದ್ದೆ. ನಾನು ಹೊರಗಿನವಳಲ್ಲ, ಹೊತ್ತೂ ಕೆಲಸದ್ದಲ್ಲ ಎಂದು ನನಗೆ ನಾನೇ ಕಾನೂನು ಬರೆದುಕೊಂಡಿದ್ದೆ. ಮಲ್ಲಿಗೆ ಮುಡಿದು, ಬಾಯಿ ಮುಚ್ಚಿ, ಮನೆಗೆ ಬಂದೆ. ಸಾರು ಬರಲು ಇನ್ನು ನಾಲ್ಕೇ ವಾರ. ಅಡುಗೆಮನೆಯಲ್ಲಿ ಕುಳಿತು, ಆ ಓಢಣಿ ಮತ್ತೆ ಮಗಳ ನಡುವಿಗೆ ಬರುತ್ತದಲ್ಲ, ಅದೂ ನನ್ನದೇ ಜಾಣತನದಿಂದ ಬರುತ್ತದಲ್ಲ ಎಂದು ನೆನೆದು ನನಗೆ ಹೇಳಲಾರದಷ್ಟು ಭಯವಾಯಿತು.

ಅತ್ತೆ ವಿಭೂತಿಯ ಹಣೆಯಲ್ಲಿ ಬಂದು ನೋಡಿದರು. "ಯಾಕ ಬಾಯಿ ಬಂದ್ ಮಾಡೀದಿ? ಮೈಯಾಗ ಛೊಲೊ ಇಲ್ಲೇನು?" ಎಂದರು. ಹೇಳಿದೆ. ನಾಯಿಗೆ ಮಂದಿ ತಿನ್ನಿಸುವುದು ನಿಲ್ಲದಿದ್ದರೆ ನಾಯಿ ಹೋಗುತ್ತದೆ ಎಂದೆ. ಅತ್ತೆ ಟಾಫಿಯನ್ನೊಮ್ಮೆ, ಅವಳ ಬೆನ್ನಿನ ಮೇಲೆ ತಲೆಯಿಟ್ಟು ಫ್ಯಾನು ನೋಡುತ್ತಾ ಮಲಗಿದ್ದ ಮೊಮ್ಮಗಳನ್ನೊಮ್ಮೆ ನೋಡಿ, "ಇಷ್ಟಕ್ಕ ಓಣೆಲ್ಲ ಬಡಕೊಂಡು ಬಂದೆ? ಮಂದೀಗಿ ಬ್ಯಾಡ ಅಂದ್ರ ಕೇಳ್ತಾರೇನು? ದೇವ್ರು ಬ್ಯಾಡ ಅಂದಾನ ಅನಬೇಕು," ಎಂದರು. ಮರುದಿನವೇ ಭಾನುವಾರ. ಅಂಗಳ ತುಂಬ ರೊಟ್ಟಿ ಹಿಡಿದ ಹೆಂಗಸರು. ಅತ್ತೆ ಹೊಸ್ತಿಲ ಮೇಲೆ ನಿಂತು ಸಾರಿದರು: "ಕೇಳ್ರೆವ್ವ. ಇವತ್ತಿಂದ ಟಾಫಿ ನೇಮ ಹಿಡಿದಾಳ. ಕೂಸಿನ ಸೇವಾ ಮಾಡೋ ತನಕಾ ಮನೀ ತಾಟಿಂದು ಬಿಟ್ಟು ಮಂದಿ ಕೈಯಾಂದು ಒಂದ್ ತುತ್ತೂ ಮುಟ್ಟಂಗಿಲ್ಲ. ಯಾರರ ತಿನ್ನಿಸಿ ನೇಮ ಮುರದ್ರ ಆ ಪಾಪ ಅವರಿಗೇ." ಒಂದು ಹಳದಿ ಬಟ್ಟೆಯಲ್ಲಿ ಭಂಡಾರ ಕಟ್ಟಿ ನಾಯಿಯ ಪಟ್ಟಿಗೆ ಬಿಗಿದರು. ಹೆಂಗಸರು ರೊಟ್ಟಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರದಿಂದಲೇ ಕೈಮುಗಿದರು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟ ಮೂವರನ್ನೂ ನಾನು ಮರೆಯಲ್ಲಿ ಹಿಂಬಾಲಿಸಿದೆ. ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಹೂವಿನವಳು ಬಾಳೆಹಣ್ಣನ್ನು ಬುಟ್ಟಿಯೊಳಗೆ ತಳ್ಳಿದಳು. ಬಜ್ಜಿಯವನು ಟಾಫಿಗೆ ಆಸೆಯಾಗದಿರಲಿ ಎಂದು ಬಂಡಿಗೆ ಬೆನ್ನು ಅಡ್ಡ ಕೊಟ್ಟು ನಿಂತ. ರಹೀಮ್ ಚಾಚಾ ಬಿಸ್ಕತ್ತು ಎತ್ತಿದವರು, ಯಜಮಾನರು ನೇಮ ಎಂದೊಡನೆ, "ಅಚ್ಛಾ, ರೋಜಾ ಹೈ?" ಉಪವಾಸವೇ ಎಂದು ಅದನ್ನು ಮರ್ಯಾದೆಯಿಂದ ಬರಣಿಗೆ ವಾಪಸು ಹಾಕಿ, ಮುಚ್ಚಳವನ್ನೂ ತಿರುಗಿಸಿದರು. ಟಾಫಿಗೆ ಮೊದಲ ವಾರ ಬಹಳ ಬೇಸರವಾಯಿತು; ಪ್ರತಿ ಅಂಗಡಿಯ ಮುಂದೆ ನಿಂತು, ನಿಟ್ಟುಸಿರು ಬಿಟ್ಟು ನಡೆಯುತ್ತಿದ್ದಳು. ಎರಡನೆಯ ವಾರ ನಿಲ್ಲುವುದನ್ನು ಬಿಟ್ಟಳು. ನಾಲ್ಕನೆಯ ವಾರಕ್ಕೆ ಪಟ್ಟಿ ಹಳೆಯ ತೂತಿಗೆ ಬಂತು. ಬನ್ನು ತರುವುದನ್ನು ನಾನೂ ನಿಲ್ಲಿಸಿದ್ದೆ. ನೇಮ ಸುಳ್ಳೆಂದು ಗೊತ್ತಿದ್ದೂ ಪಾಪದ ಭಯ ನನಗೇ ಎಲ್ಲರಿಗಿಂತ ಹೆಚ್ಚು ಹತ್ತಿತ್ತು.

ಸುಧಾಕರ್ ಸಾರು ಬಂದರು. ಹಣೆಯ ಅರಿಶಿಣ, ಹಳದಿ ಗಂಟು ನೋಡಿ ಹುಬ್ಬು ಏರಿಸಿದರು. ಯಜಮಾನರ ಕೈಯಲ್ಲಿ ಹಗ್ಗ, ಪಕ್ಕದಲ್ಲಿ ಟಾಫಿ, ಟಾಫಿಯ ಪಕ್ಕದಲ್ಲಿ ಗೌರಿ. ಸಾರು ಹಿಂದೆ. ನಾನು ಅವರಿಗಿಂತ ಹತ್ತು ಹೆಜ್ಜೆ ಹಿಂದೆ ಇರಬೇಕು, ಏನೇ ಆದರೂ ಬಾಯಿ ತೆರೆಯಬಾರದು. ಓಣಿ ದಾಟಿದೆವು, ಅಂಗಡಿಗಳನ್ನು ದಾಟಿದೆವು, ಟಾಫಿ ಅತ್ತಿತ್ತ ನೋಡಲಿಲ್ಲ. ದೊಡ್ಡ ರಸ್ತೆಯ ಅಂಚಿಗೆ ಬಂದಾಗ ಒಂದು ಉದ್ದನೆಯ ಲಾರಿ ಬಂತು. ಎಷ್ಟು ಗಾಲಿಗಳೋ ಅದಕ್ಕೆ. ಗೌರಿಯ ಮೈಯೆಲ್ಲ ಮುಂದಕ್ಕೆ ಬಾಗಿದ್ದನ್ನು ನಾನು ಹಿಂದಿನಿಂದ ಕಂಡೆ. ಓಡಲು ಹೊರಟಳು. ಟಾಫಿ ಕುಳಿತಳು. ಇಪ್ಪತ್ತೇಳು ಕಿಲೋ ನಾಯಿ ನೆಲ ಕಚ್ಚಿ ಕುಳಿತಿತು, ದಾರ ಬಿಗಿಯಿತು, ಗೌರಿ ನಿಂತಳು. ಲಾರಿ ಹೋಯಿತು. ಗೌರಿ ನಿಂತಲ್ಲೇ ನಿಂತು, ಟಾಫಿಯ ಬೆನ್ನಿನ ಮೇಲೆ ಒಂದು ಕೈಯಿಟ್ಟುಕೊಂಡು, ಕೊನೆಯ ಗಾಲಿಯ ತನಕ ಖುಷಿಯಾಗಿ ನೋಡಿದಳು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಅವಳ ಇನ್ನೊಂದು ಕೈಯ ಮಣಿಕಟ್ಟು ನನ್ನ ಮುಷ್ಟಿಯಲ್ಲಿತ್ತು. ಹತ್ತು ಹೆಜ್ಜೆ ಯಾವಾಗ ದಾಟಿದೆನೋ, ಸಾರನ್ನು ಹೇಗೆ ದೂಡಿದೆನೋ ನನಗೆ ಗೊತ್ತಿಲ್ಲ.

ಗೌರಿ ನನ್ನ ಮುಷ್ಟಿಯನ್ನು ನೋಡಿದಳು. ಆಮೇಲೆ, "ಬಿಡು," ಎಂದಳು. ಅವಳ ಹನ್ನೆರಡು ಪದಗಳಲ್ಲಿ ಅದು ಇರಲಿಲ್ಲ. ನಾನು ಬಿಡಲಿಲ್ಲ, ಕಿವಿಯನ್ನು ನಂಬಲಾಗದೆ ಹಾಗೇ ಹಿಡಿದು ನಿಂತಿದ್ದೆ. "ಬಿಡು!" ಎಂದು ಎರಡನೆಯ ಸಲ ಗದರಿದಳು, ಥೇಟ್ ನನ್ನದೇ ದನಿ, ಮತ್ತು ಕೈ ಕಿತ್ತುಕೊಂಡು ನಾಯಿಯ ಜೊತೆ ರಸ್ತೆ ದಾಟಿದಳು. ಸುಧಾಕರ್ ಸಾರು ಅಂಗಿಯ ಮೇಲಿನ ಧೂಳು ಕೊಡವಿಕೊಂಡು, ನಾಯಿ ಇಲ್ಲೇ ಇರಲಿ ಎಂದರು. ಒಂದೇ ಮಾತು, ಇನ್ನೊಂದು ತಿಂಗಳು ಈ ತಾಯಿ ಮಾತ್ರ ಬೆಳಗಿನ ಹೊತ್ತು ರಸ್ತೆಗೆ ಬರಬಾರದು, ನಾಯಿಗೆ ತೊಂದರೆಯಾಗುತ್ತದೆ. ನನಗೆ ಜಗಳ ತೆಗೆಯಬೇಕೆನಿಸಲಿಲ್ಲ. ರಸ್ತೆಯ ಬದಿಗೆ ನಿಂತು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಹಾಗಾಗಿ ಈಗ ದಿನಾ ಬೆಳಿಗ್ಗೆ ಎಂಟೂವರೆಗೆ ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಮೂವರೂ ಓಣಿಯ ಕೊನೆಗೆ ಹೋಗಿ, ದೊಡ್ಡ ರಸ್ತೆಯ ಕಡೆಗೆ ತಿರುಗಿ, ಕಣ್ಣಿಗೆ ಕಾಣದಂತಾಗುತ್ತಾರೆ. ಅಷ್ಟೊತ್ತಿಗೆ ಲಾರಿಯೊಂದು ಹಾರ್ನು ಹೊಡೆಯುತ್ತದೆ. ನನ್ನ ಒಂದು ಕಾಲು ತಾನಾಗಿಯೇ ಹೊಸ್ತಿಲ ಆಚೆ ಹೋಗುತ್ತದೆ. ಅದಕ್ಕೆಂದೇ ಅತ್ತೆ ಪೂಜೆಯನ್ನು ಅರ್ಧ ಗಂಟೆ ಮುಂಚೆ ಮುಗಿಸಿ ಬಂದು ನನ್ನ ಪಕ್ಕದಲ್ಲೇ ನಿಂತಿರುತ್ತಾರೆ, ನನ್ನ ಮಣಿಕಟ್ಟು ಹಿಡಿದುಕೊಂಡು. "ಬಿಡ್ರಿ ಅತ್ತೀ," ಎನ್ನುತ್ತೇನೆ. ಬಿಡುವುದಿಲ್ಲ.